ಬೂರುಗದ ಮರಕ್ಕೆ ಸಿಕ್ಕ ರುಮಾಲು

ಮುಳಗುಂದದ ಆಚೆಯ ಒಂದು ಹಳ್ಳಿ. ಅಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ನಜೀರಸಾಬನಿಗೆ ಊರ ಮುಂದಿನ ಬೂರುಗದ ಮರವೆಂದರೆ ಜೀವ. ಮೈತುಂಬ ಮುಳ್ಳು, ಗುಡಿಯ ಕಳಸವನ್ನೂ ಮೀರಿದ ಎತ್ತರ. ಊರಿನ ತಲೆದಿಂಬುಗಳಿಗೆಲ್ಲ ಅದರದೇ ಹತ್ತಿ. ಎಪ್ಪತ್ತೆಂಟರಲ್ಲಿ ಪಂಚಾಯ್ತಿ ಆ ಮರವನ್ನು ಕಡ್ಡಿಪೆಟ್ಟಿಗೆ ಕಾರ್ಖಾನೆಗೆ ಮಾರಿತು. ಹಿರಿಯರು ತಲೆಯಾಡಿಸಿದರು. ಹಿರಿಯರಿಗೆ ಬೇರೆ ಕೆಲಸವೇನಿದೆ?

ಅದೇ ವಾರ ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರಿನಲ್ಲಿ ಅಮೆರಿಕದ ಮರಗಳ ಚಿತ್ರ ಬಂತು. ಜಗತ್ತಿನಲ್ಲೇ ಎತ್ತರದವು, ಬುಡದಲ್ಲಿ ನಿಂತ ಮನುಷ್ಯ ಇರುವೆಯಷ್ಟು. ಯಾರೂ ಕಡಿಯದಂತೆ ಸರಕಾರವೇ ಕಾವಲಿಟ್ಟಿದೆಯೆಂದು ಹೆಂಡತಿ ಅಲ್ಮಾಸಬಿ ಓದಿ ಹೇಳಿದಳು. ಎಣ್ಣೆ ಜಿನುಗುವ ಪೇಪರು ಹಿಡಿದು ನಜೀರಸಾಬ ಚೇರ್ಮನ್ ದೇವಪ್ಪನ ಕಟ್ಟೆಗೆ ಓಡಿದ.

“ಚೇರ್ಮನ್ರ, ಅಮೆರಿಕಾದವ್ರು ಎತ್ತರದ ಮರಕ್ಕ ಕಾವಲು ಇಟ್ಟಾರ. ನಾವು ಕೊಡ್ಲಿ ಇಟ್ಟೀವಿ.”

“ಲೇ ನಜೀರ, ನಿಂದ್ಯಾವ ದೊಡ್ಡ ಮರಾನೋ? ನಮ್ಮ ನಾಕ ಮಂದಿ ರುಮಾಲು ಗಂಟು ಹಾಕಿದ್ರ ಅದರ ಎತ್ತರ ಮುಗೀತು!”

“ಹಾಕ್ರಲ್ಲ ಮತ್ತ!”

ಮಂದಿಯೆದುರು ಆಡಿದ ಮಾತು. ದೇವಪ್ಪನದೂ ಕಟ್ಟೆಯ ಮೇಲಿದ್ದ ಮೂವರು ಹಿರಿಯರದೂ ಸೇರಿ ತಲೆಯ ನಾಲ್ಕು ರುಮಾಲೂ ಬಿಚ್ಚಿಕೊಂಡವು. ಪಂಚಾಯ್ತಿಯ ಆಳು ತಿರಕಪ್ಪ ಮರದ ತುದಿಗೆ ಏರಿ, ಗಂಟು ಹಾಕಿದ ರುಮಾಲುಗಳನ್ನು ಇಳಿಬಿಟ್ಟ. ಕೊನೆ ನೆಲ ಮುಟ್ಟಲಿಲ್ಲ.

“ನೋಡಿದ್ರ್ಯಾ!” ನಜೀರಸಾಬ ಕುಣಿದ.

“ಆತು ಬಿಡು, ಎತ್ತರ ಐತಿ. ಎತ್ತರ ಇದ್ದಷ್ಟೂ ಕಡ್ಡಿ ಹೆಚ್ಚು,” ಅಂದ ದೇವಪ್ಪ. “ತಿರಕ್ಯಾ, ಬಿಚ್ಚಿ ತಾರಲೇ.”

“ಎಲ್ಲಾ ಮುಳ್ಳಿಗೆ ಸಿಕ್ಕಾವ್ರಿ. ಇನ್ನೊಮ್ಮೆ ಹತ್ತಿದ್ರ ನನ್ನ ಚರ್ಮಾನೂ ಅಲ್ಲೇ ಬಿಟ್ಟು ಬರಬೇಕು.”

ಮರುದಿನ ಗರಗಸದವರು ಬಂದರು. ತಲೆಗೆ ಟವೆಲ್ಲು ಸುತ್ತಿಕೊಂಡು ಹಿರಿಯರೂ ನೋಡಲು ಬಂದರು. ಗರಗಸ ತೊಗಟೆಗೆ ತಾಗಿದ್ದೇ ದೇವಪ್ಪನ ತಲೆಗೆ ಹೊಳೆಯಿತು: ಮರ ಬಿದ್ದರೆ ರುಮಾಲೂ ಬೀಳುತ್ತದೆ. ನಾಲ್ಕು ಮಂದಿಯೆದುರು ರುಮಾಲು ಮಣ್ಣುಪಾಲಾದವನು ನಮ್ಮ ಕಡೆ ಇದ್ದೂ ಸತ್ತಂತೆ.

“ನಿಲ್ಲಸ್ರಲೇ! ನನ್ನ ಮರ್ಯಾದಿ ಮ್ಯಾಲೈತಿ!”

ಮಾರಾಟ ರದ್ದಾಯಿತು. ಮರಕ್ಕಾಗಿ ಏಳದವರು ಬಟ್ಟೆಗಾಗಿ ಎದ್ದರು! ಇವರಿಗೆ ಏನನ್ನಬೇಕು?

ಆದರೆ ನಜೀರಸಾಬನ ನೆಮ್ಮದಿ ಹೋಯಿತು. ಗಾಳಿ ಬೀಸಿದರೆ ಸಾಕು, ಅಂಗಳಕ್ಕೆ ಓಡಿ ಮೇಲೆ ನೋಡುತ್ತಿದ್ದ.

“ಅಲ್ಲಿ ಚಂದ್ರ ಮೂಡ್ಯಾನೇನು?” ಅಲ್ಮಾಸಬಿ ಚುಚ್ಚುತ್ತಿದ್ದಳು.

“ರುಮಾಲು ಐತೋ ಇಲ್ಲೋ ನೋಡಬೇಕಲ್ಲ. ಅದು ಬಿದ್ದ ದಿನಾ ಮರಾನೂ ಬೀಳತೈತಿ.”

ಎಂಬತ್ತಮೂರರ ಮುಂಗಾರು ಗಾಳಿ ನಾಲ್ಕನ್ನೂ ಚಿಂದಿಯಾಗಿಸಿ ಕೆಡವಿತು. ಊರು ಏಳುವ ಮುಂಚೆ ನಜೀರಸಾಬ ಎಲ್ಲ ಆಯ್ದು, ಹೊಲಿಯುತ್ತಿದ್ದ ದಿಂಬಿನೊಳಗೆ ಹತ್ತಿಯ ಜತೆ ತುರುಕಿದ. ತಿರಕಪ್ಪನಿಗೆ ಕೈಮುಗಿದು ಮರ ಹತ್ತಿಸಿ, ಮುಳ್ಳಿಗೆ ತನ್ನದೇ ಹಳೆಯ ಲುಂಗಿ ಕಟ್ಟಿಸಿದ; ಕೆಳಗಿನಿಂದ ಯಾರಿಗೆ ಗೊತ್ತಾಗಬೇಕು?

ಆ ದಿಂಬು ಚೇರ್ಮನ್‌ರದು. ವಾರದ ಮೇಲೆ ದೇವಪ್ಪ ಕರೆದು ಹೇಳಿದ: “ನಜೀರ, ಈ ದಿಂಬು ನನ್ನ ತಲಿಗೆ ಭಾಳ ಒಗ್ಗೇತಿ ನೋಡು.”

“ಒಗ್ಗಲೇಬೇಕಲ್ರಿ,” ಅಂದ ನಜೀರಸಾಬ, ಲುಂಗಿ ಹಾರಾಡುವ ಮರದ ಕಡೆ ನೋಡುತ್ತ.