ಅತ್ತೆ ಒಬ್ಬರೇ ನಡೆದ ಕಣಿವೆ

ಈ ದುರ್ಗಾಪೂಜೆ ರಜೆಯಲ್ಲಿ ನಮ್ಮ ಅತ್ತೆ ಕಳೆದುಹೋದರು.

ಕಲ್ಕತ್ತಾದ ಎಸ್ಪ್ಲನೇಡಿನ ಜನಜಂಗುಳಿಯಲ್ಲಿ ಕಳೆದುಹೋಗಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅವರು ಕಳೆದುಹೋದದ್ದು ಉತ್ತರ ಸಿಕ್ಕಿಮಿನ ಒಂದು ಪುಟ್ಟ ಕಣಿವೆಯಲ್ಲಿ. ಒಂದು ನದಿ, ಅದಕ್ಕೊಂದು ಸೇತುವೆ, ಗುಡ್ಡದ ಮೇಲೆ ಗೊಂಪ ಎನ್ನುವ ಬೌದ್ಧರ ಹಳೆಯ ಮಠ, ಕೆಳಗೆ ಬೆರಳೆಣಿಕೆಯ ಮರದ ಮನೆಗಳು. ಕಳೆದುಹೋಗಬೇಕೆಂದರೂ ಜಾಗವಿಲ್ಲದ ಊರು. (ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಪೂಜೆಗೆ ಅರ್ಧ ಕಲ್ಕತ್ತಾ ಮಂಕಿ ಕ್ಯಾಪ್ ಹಾಕಿಕೊಂಡು ಅಲ್ಲಿರುತ್ತದೆ.)

ಹೋದವರು ಅತ್ತೆ, ಮಾವ ಮತ್ತು ನಾನು. ನನ್ನವರಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಮಾವನೂ ಬ್ಯಾಂಕಿನವರೇ. ಉಡುಪಿಯಿಂದ ಕಲ್ಕತ್ತಾದ ಬಿಬಿಡಿ ಬಾಗ್ ಶಾಖೆಗೆ ವರ್ಗವಾಗಿ ಬಂದು, ಇಲ್ಲೇ ರಿಟೈರಾಗಿ, ಇಲ್ಲೇ ಉಳಿದವರು. ಹಳೆಯ ಕಟ್ಟಡ ಎಂದರೆ ಅವರಿಗೆ ಪ್ರಾಣ. ಆ ಗೊಂಪದ ಗೋಡೆಚಿತ್ರ ನೋಡಬೇಕೆಂದು ನಮ್ಮನ್ನು ಹೊರಡಿಸಿದ್ದೇ ಅವರು.

ಆದರೆ ಅತ್ತೆಗೆ ಮಂಡಿನೋವು.

ನೋವು ಅತ್ತೆಯದು, ಅದರ ಆಡಳಿತ ಮಾವನದು. ಅತ್ತೆ ಬಾಲ್ಕನಿಗೆ ಹೋದರೆ ಹಿಂದೆಯೇ ಕುರ್ಚಿ ಬರುತ್ತದೆ. ಲೋಡ್‌ಶೆಡ್ಡಿಂಗ್ ಆದರೆ ಬಚ್ಚಲುಮನೆಯ ಬಾಗಿಲವರೆಗೂ ಟಾರ್ಚ್ ಬರುತ್ತದೆ. ಬಂದ್ ದಿನ ರಸ್ತೆ ಖಾಲಿ ಇರುತ್ತದಲ್ಲ, ಇವತ್ತಾದರೂ ಕೆಳಗೆ ನಾಲ್ಕು ಹೆಜ್ಜೆ ಹಾಕುತ್ತೇನೆ ಎಂದರೆ, ಬಂದ್ ದಿನ ಹೊರಗೆ ಹೋಗಬಾರದು ಎಂಬ ಉತ್ತರ. ಡಾಕ್ಟರು ಹೇಳಿದ್ದು ಇಷ್ಟೇ: ಕುಕ್ಕರುಗಾಲಲ್ಲಿ ಕೂರಬೇಡಿ, ದಿನಾ ಸ್ವಲ್ಪ ನಡೆಯಿರಿ. ಮಾವನ ಕಿವಿಗೆ ಬಿದ್ದದ್ದು 'ಬೇಡಿ' ಮಾತ್ರ.

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಾದರೂ ಇಲ್ಲವೇ?

ಕಣಿವೆಯಲ್ಲೂ ಅದೇ ಕಥೆ. ನಾವಿದ್ದ ಲಾಡ್ಜಿನ ಜಗಲಿಯ ಬೆಂಚಿನ ಮೇಲೆ ಅತ್ತೆ, ಅವರ ಸುತ್ತ ಶಾಲು, ಪಕ್ಕದಲ್ಲಿ ಫ್ಲಾಸ್ಕ್, ಫ್ಲಾಸ್ಕಿನ ಪಕ್ಕದಲ್ಲಿ ಮಾವ. ಇಬ್ಬರೂ ಗೊಂಪವನ್ನು ದೂರದಿಂದ ನೋಡುವುದು, ನಾನು ನದಿಯ ದಂಡೆ ಸುತ್ತಿ ಬಂದು ವರದಿ ಒಪ್ಪಿಸುವುದು. ಹೊರಡುವ ದಿನ ಹತ್ತಿರ ಬರುತ್ತಿತ್ತು. ನಾನು ಅತ್ತೆಯ ಜೊತೆ ಕೂರುತ್ತೇನೆ, ನೀವು ಗೊಂಪಕ್ಕೆ ಹೋಗಿ ಬನ್ನಿ ಎಂದು ಮಾವನನ್ನು ಒಪ್ಪಿಸಲು ಒಂದು ಬೆಳಗು ಪೂರ್ತಿ ಬೇಕಾಯಿತು. ಶಾಲು ಜಾರದಂತೆ ನೋಡಬೇಕು, ಮೆಟ್ಟಿಲು ಇಳಿಯಲು ಬಿಡಬಾರದು ಎಂದೆಲ್ಲ ಹೇಳಿ, ತಿರುಗಿ ತಿರುಗಿ ನೋಡುತ್ತ ಗುಡ್ಡ ಹತ್ತಿದರು.

"ಹೋದ್ರಾ?" ಎಂದರು ಅತ್ತೆ.

"ಹೋದರು."

"ಹಾಗಾದ್ರೆ ನಾನೂ ಒಂಚೂರು ಹೋಗಿ ಬರ್ತೇನೆ."

ನಾನೂ ಎದ್ದೆ. ಅತ್ತೆ ಬೇಡವೆಂದರು. "ನೀನು ಬಂದ್ರೆ ನನ್ನ ಕಾಲನ್ನೇ ನೋಡ್ತಾ ಇರ್ತಿ. ನಂಗೆ ನದಿ ನೋಡ್ಬೇಕು ಮಾರಾಯ್ತಿ."

ಇದಕ್ಕೆ ಏನು ಹೇಳುತ್ತೀರಿ? ನಾನು ಮತ್ತೆ ಕೂತೆ. ಸೀರೆಯ ಕೆಳಗೆ ಮಗನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೊಡೆಯನ್ನೇ ಊರುಗೋಲು ಮಾಡಿಕೊಂಡು ಅವರು ಮೆಟ್ಟಿಲಿಳಿದರು. ಸೇಬಿನ ಮರದ ಕೆಳಗೆ ನಿಂತು ಒಂದು ಹಣ್ಣನ್ನು ಮುಟ್ಟಿ ನೋಡಿದರು. ಆಮೇಲೆ ತಿರುವಿನಲ್ಲಿ ಮರೆಯಾದರು.

ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಸೇಬಿನ ಮರವೂ ಕಾಣದಂಥ ಮಂಜು. ಅತ್ತೆ ಬರಲಿಲ್ಲ. ಬಂದದ್ದು ಮಾವ, ನಾನೆಣಿಸಿದ್ದಕ್ಕಿಂತ ಎಷ್ಟೋ ಬೇಗ. ಖಾಲಿ ಬೆಂಚು ನೋಡಿದರು, ನನ್ನ ಮುಖ ನೋಡಿದರು. ನಾನು ಹೇಳಿ ಮುಗಿಸುವ ಮೊದಲೇ ಓಡತೊಡಗಿದರು.

ಸೇತುವೆಯ ಕಂಬಿಯ ಮೇಲೆ ಅತ್ತೆಯ ಶಾಲು ಇತ್ತು. ಅತ್ತೆ ಇರಲಿಲ್ಲ.

ಮಾವ ಶಾಲು ಹಿಡಿದುಕೊಂಡು ಕೆಳಗೆ ಬಗ್ಗಿ ನೋಡಿದರು. ಮಂಜಿನಲ್ಲಿ ನೀರು ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಮಾವ ಬಾಯಿ ತೆರೆದು, "ಸುಮತೀ" ಎಂದು ಕೂಗಿದರು. ಮತ್ತೆ ಮತ್ತೆ ಕೂಗಿದರು. ಅವರ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವ ಅತ್ತೆಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸೇತುವೆಯಾಚೆ ಒಂದು ಕಿಟಕಿ ತೆರೆಯಿತು. ಒಬ್ಬ ಮುದುಕಿ ತಲೆ ಹೊರಹಾಕಿ, ಬನ್ನಿ ಎಂದು ಕೈಮಾಡಿದಳು.

ತಲೆಮಾರುಗಳಷ್ಟು ಹಳೆಯ ಮನೆ ಅದು. ಬಾಗಿಲ ತುಂಬ ಮರದ ಕೆತ್ತನೆ. ಬೇರೆ ದಿನವಾಗಿದ್ದರೆ ಮಾವ ಅಲ್ಲೇ ಅರ್ಧ ದಿನ ನಿಲ್ಲುತ್ತಿದ್ದರು. ಅಂದು ಕಣ್ಣೆತ್ತಿಯೂ ನೋಡದೆ ಒಳಗೆ ನುಗ್ಗಿದರು.

ಒಳಗೆ ಒಲೆಯ ಮುಂದೆ, ಎತ್ತರದ ಸ್ಟೂಲಿನ ಮೇಲೆ ಅತ್ತೆ. ಕೈಯಲ್ಲಿ ಸೌಟು. ಕಾವಲಿಯ ಮೇಲೆ ಕಪ್ಪಗಿನ ದೋಸೆ. ಅಲ್ಲಿಯವರು ಫಾಫರ್ ಎನ್ನುವ ಧಾನ್ಯದ ಹಿಟ್ಟು ಅದು. ಮುದುಕಿ ದಪ್ಪಗೆ ಹೊಯ್ಯುತ್ತಿದ್ದುದನ್ನು ನೋಡಲಾರದೆ ಅತ್ತೆಯೇ ಹಿಟ್ಟನ್ನು ನೀರುದೋಸೆಯ ಹದಕ್ಕೆ ತೆಳ್ಳಗೆ ಮಾಡಿದ್ದರಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅತ್ತೆಯ ಹಿಂದಿ, ಬಂಗಾಳಿ ಮತ್ತು ಉಡುಪಿ ಕನ್ನಡ ಮೂರೂ ಸೇರಿ ಕೆಲಸ ನಡೆದಿತ್ತು. ನಡೆದು ಸೆಕೆಯಾಯಿತೆಂದು ಶಾಲು ತೆಗೆದಿಟ್ಟವರು, ಮಂಜು ಇಳಿದಾಗ ಮುದುಕಿ ಒಳಗೆ ಕರೆದದ್ದೇ ಅದನ್ನು ಮರೆತು ಬಂದಿದ್ದರು, ಅಷ್ಟೇ.

ಮಾವ ಬಾಗಿಲಲ್ಲೇ ನಿಂತಿದ್ದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ.

"ಕಾಲು ನೋಯುದಿಲ್ವಾ?" ಎಂದರು.

"ನೋಯ್ತದೆ. ಮನೇಲಿ ಕೂತ್ರೂ ನೋಯ್ತದೆ. ಇಲ್ಲಾದ್ರೆ ನೋಡ್ಲಿಕ್ಕೆ ನದಿ ಉಂಟು."

ಮಾವ ಗೋಡೆಗೆ ಒರಗಿ ಕುಳಿತರು. ಶಾಲನ್ನು ಮಡಿಲಲ್ಲಿ ಮಡಚುತ್ತ, ಬಿಚ್ಚುತ್ತ, ನೆಲ ನೋಡುತ್ತ ಹೇಳಿದರು: "ನಿಂಗೆ ಎಂತಾದ್ರೂ ಆದ್ರೆ ನಂಗೆ ಯಾರುಂಟು ಹೇಳು."

ಅತ್ತೆ ಕಾವಲಿಯಿಂದ ದೋಸೆ ಎಬ್ಬಿಸಿ ಅವರ ತಟ್ಟೆಗೆ ಹಾಕಿದರು. ಮುದುಕಿ ಅದರ ಪಕ್ಕದಲ್ಲಿ ಛುರ್ಪಿ ಎನ್ನುವ ಬೆಣ್ಣೆಯಂಥ ಮೆತ್ತನೆಯ ಚೀಸನ್ನೂ ಕೆಂಪು ಮೆಣಸಿನ ಚಟ್ನಿಯನ್ನೂ ಇಟ್ಟಳು. ಮಾವನ ಕಣ್ಣಲ್ಲಿ ನೀರು. (ಮೆಣಸು ಖಾರವಿತ್ತು ನಿಜ. ಆದರೆ ಅವರಿನ್ನೂ ಬಾಯಿಗೆ ಇಟ್ಟಿರಲಿಲ್ಲ.)

ಗೊಂಪ ನೋಡಿದಿರಾ ಎಂದು ನಾನು ಕೇಳಿದ್ದಕ್ಕೆ, ಅರ್ಧದಾರಿಗೇ ವಾಪಸು ಬಂದೆ, ಇವಳಿಗೆ ಚಳಿಯಾದೀತು ಎನಿಸಿತು ಎಂದರು.

ಮರುದಿನ ಇಬ್ಬರೂ ಒಟ್ಟಿಗೆ ಹತ್ತಿದರು, ಹಿಂದೆ ನಾನು. ಕೂತು, ಎದ್ದು, ಮತ್ತೆ ಕೂತು. ತಲುಪುವಾಗ ಮಧ್ಯಾಹ್ನ. ಲಾಮಾ ಬಾಗಿಲಿಗೆ ಬೀಗ ಹಾಕಿ ಎಲ್ಲೋ ಹೋಗಿದ್ದರು. ಗೋಡೆಚಿತ್ರ ಕಾಣಲೇ ಇಲ್ಲ. ಬೀಗದ ಮುಂದೆ ಕುಳಿತು, ಮುದುಕಿ ಕಟ್ಟಿಕೊಟ್ಟಿದ್ದ ದೋಸೆ ತಿಂದು, ಕಣಿವೆ ನೋಡಿಕೊಂಡು ಇಳಿದೆವು. ಮಾವ ಒಂದು ಮಾತೂ ಗೊಣಗಲಿಲ್ಲ.

ಈಗ ಕಲ್ಕತ್ತಾದಲ್ಲಿ ಅತ್ತೆ ಬೆಳಿಗ್ಗೆ ಲೇಕ್ ಮಾರ್ಕೆಟ್ಟಿಗೆ ಒಬ್ಬರೇ ನಡೆದುಹೋಗಿ ಕರಿಬೇವು ತರುತ್ತಾರೆ. ಅವರು ಗೇಟು ದಾಟಿದ ಮೇಲೆ ಮಾವ ಪೇಪರು ಮಡಚಿಟ್ಟು, ಒಂದಷ್ಟು ದೂರ ಬಿಟ್ಟು ಹಿಂದೆ ಹೊರಡುತ್ತಾರೆ. ಅತ್ತೆಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಅತ್ತೆಗೆ ಗೊತ್ತು. ತಿರುಗಿ ನೋಡುವುದಿಲ್ಲ. ರಸ್ತೆಯ ತಿರುವು ಬಂದಾಗ ಮಾತ್ರ ಸ್ವಲ್ಪ ನಿಧಾನ ಮಾಡುತ್ತಾರೆ.

ಮಾವನಿಗೂ ವಯಸ್ಸಾಗಲಿಲ್ಲವೇ?