ಹಳದಿ ಗೆರೆ ಎರಡಾಗಿ ಕಂಡ ದಿನ

ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಓದುವಾಗ ನನಗೆ ಪರೀಕ್ಷೆಗಿಂತ ಕಣ್ಣಿನ ಭಯವೇ ಜಾಸ್ತಿ. ಅವ್ವ ರೇಷ್ಮೆ ನೂಲು ತೆಗೆಯುತ್ತಿದ್ದವಳು. ಒಂದು ದಿನ ಅವಳಿಗೆ ಎಳೆ ಎರಡೆರಡಾಗಿ ಕಂಡಿತು. ಒಂದು ಕಣ್ಣು ಮುಚ್ಚಿಕೊಂಡರೂ ಎರಡೇ. ನಾನು ಕಾಲೇಜು ಸೇರುವ ಹೊತ್ತಿಗೆ ಅವಳಿಗೆ ಬೆಳಕೊಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಕ್ಕಳಿಗೂ ಬರಬಹುದು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಆ ಪುಣ್ಯಾತ್ಮ ಅದನ್ನು ನನ್ನೆದುರೇ ಹೇಳಬೇಕಿತ್ತೇ!

ಅಂದು ಲ್ಯಾಬಿನಲ್ಲಿ ಸೋಡಿಯಂ ದೀಪದ ಪ್ರಯೋಗ. ದೀಪದ ಬೆಳಕು ಸಣ್ಣ ಸೀಳಿನಿಂದ ಹಾದು, ಒತ್ತೊತ್ತಾಗಿ ಗೀರು ಹಾಕಿದ ಗಾಜಿನ ಮೂಲಕ ಬರುತ್ತದೆ. ಅದನ್ನು ದುರ್ಬೀನಿಗೆ ಒಂದೇ ಕಣ್ಣಿಟ್ಟು ನೋಡಬೇಕು. ನನ್ನ ಜೊತೆಗಾತಿ ಮೊದಲು ನೋಡಿ, "ಒಂದು ಹಳದಿ ಗೆರೆ, ಬರ್ಕೊ" ಎಂದಳು. ಮಹಾ ಜೋರಿನವಳು. ನಾನು ದುರ್ಬೀನನ್ನು ಇನ್ನೂ ಪಕ್ಕಕ್ಕೆ ತಿರುಗಿಸಿ ನೋಡಿದೆ. ಅಯ್ಯೋ ಶಿವನೇ, ಎರಡು ಗೆರೆ! ಕಣ್ಣುಜ್ಜಿಕೊಂಡು ನೋಡಿದೆ, ಎರಡೇ.

ಅಷ್ಟರಲ್ಲಿ ಮೇಷ್ಟ್ರು ಬಂದು, "ಎಷ್ಟು ಗೆರೆ ಕಾಣ್ತಮ್ಮಾ?" ಎಂದರು. ನನಗೆ ಅಳುವೇ ಬಂದುಬಿಟ್ಟಿತು.

"ಎರಡು ಕಾಣ್ತವೆ ಸಾ. ನಮ್ಮವ್ವಂಗೂ ಇಂಗೇ ಸುರುವಾಗಿದ್ದು."

ಅವರು ನಗಲಿಲ್ಲ. ದುರ್ಬೀನನ್ನು ನೇರವಾಗಿ ಸೀಳಿನ ಕಡೆಗೆ ತಂದು, "ಈಗ ನೋಡು" ಎಂದರು. ಒಂದೇ ಗೆರೆ.

"ಕಣ್ಣು ಕೆಟ್ಟಿದ್ರೆ ಇದೂ ಎರಡಾಗಬೇಕಿತ್ತಲ್ಲಮ್ಮ. ಅವು ನಿಜವಾಗ್ಲೂ ಎರಡೇ."

ಆಮೇಲೆ ಮೇಷ್ಟ್ರು ಬಿಡಿಸಿ ಹೇಳಿದರು. ಎಲೆಕ್ಟ್ರಾನು ತಾನೇ ಒಂದು ಪುಟಾಣಿ ಅಯಸ್ಕಾಂತವಂತೆ. ಪರಮಾಣುವಿನೊಳಗೆ ಅದು ಓಡಾಡುವುದರಿಂದಲೇ ಅಲ್ಲೊಂದು ಕಾಂತಬಲವೂ ಹುಟ್ಟುತ್ತದಂತೆ. ಆ ಬಲದ ಕಡೆಗೆ ಮುಖ ಮಾಡಿದರೆ ಅದಕ್ಕೊಂದು ಶಕ್ತಿ, ಬೆನ್ನು ಮಾಡಿದರೆ ಕೂದಲೆಳೆಯಷ್ಟು ಬೇರೆ ಶಕ್ತಿ. ಆ ಶಕ್ತಿಯೇ ಬೆಳಕಾಗಿ ಹೊರಬರುವುದರಿಂದ ಹಳದಿಯೂ ಎರಡು ಬಗೆ. ಗೀರು ಹಾಕಿದ ಗಾಜು ಅವನ್ನು ನೇರದಲ್ಲಿ ಬಿಡಿಸುವುದಿಲ್ಲ, ಪಕ್ಕಕ್ಕೆ ಹೋದಷ್ಟೂ ಹೆಚ್ಚು ಬಿಡಿಸುತ್ತದಂತೆ. ಜೊತೆಗಾತಿ ನೋಡಿದ ಕಡೆ ಅವೆರಡೂ ಅಂಟಿಕೊಂಡು ಒಂದರಂತೆ ಕಂಡಿದ್ದವು.

ಸಂಜೆ ನಮ್ಮೂರು ಹನೂರಿನಲ್ಲಿ ಬಸ್ಸಿಳಿದು ಮನೆಗೆ ಓಡಿದೆ. ಅವ್ವನಿಗೆ ಎಲ್ಲವನ್ನೂ ಹೇಳಿದೆ.

"ಮೇಷ್ಟ್ರು ಏಳಿದ್ರೆ ಸರಿನೇ ಇರ್ತದೆ ಬುಡವ್ವ" ಎಂದಳು. ಆದರೂ ಗೋಡೆ ತಡವಿಕೊಂಡು ಒಳಗೆ ಹೋಗಿ ಸೂಜಿ, ದಾರ ತಂದು ನನ್ನ ಕೈಗಿಟ್ಟಳು. "ಪೋಣ್ಸು."

ಮೊದಲ ಸಲ ದಾರ ತಪ್ಪಿತು. ಕೊನೆಗೂ ಪೋಣಿಸಿ ಕೊಟ್ಟೆ. ಅವಳು ದಾರವನ್ನು ಎಳೆದೆಳೆದು ನೋಡಿದಳು. ಆಮೇಲೆ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಗೊಳೋ ಎಂದು ಅತ್ತಳು.

"ಇಷ್ಟು ದಿವ್ಸ ನಿನ್ನ ಕೇಳಕ್ಕೇ ಎದರ್ಕಂಡಿದ್ದೆ ಕಣವ್ವ" ಎಂದಳು.