ನೇರಳೆ ಬಟ್ಟೆಯ ರಾಣಿಯರು

ಶುಕ್ರವಾರ ತಿಂಡಿ ಮುಗಿಸಿ ನಾವು ಮೂವರು ಕತಾರಿನ ಅಲ್ ಖೋರ್ ಊರಿನಿಂದ ಹೊರಟೆವು: ನಾನು, ನನ್ನವರು, ಐದನೇ ಕ್ಲಾಸಿನ ಮಗಳು ಶ್ರಾವ್ಯ. ದೋಹಾದ ವೆಸ್ಟ್ ಬೇಯ ಹೋಟೆಲೊಂದರಲ್ಲಿ ಜಪಾನಿನ ಹಳೆಯ ನಾಟಕಗಳ ಚಿತ್ರಪ್ರದರ್ಶನವಿತ್ತು. ಪ್ರವೇಶ ಉಚಿತ. ಉಚಿತವೆಂದರೆ ಇವರು ಐವತ್ತು ಕಿಲೋಮೀಟರ್ ಪೆಟ್ರೋಲ್ ಸುಡಲೂ ತಯಾರು. ಜನವರಿಯ ತಂಪುಗಾಳಿ ಹಿತವಾಗಿತ್ತು.

ಕಾರಿನೊಳಗೆ ಮಾತ್ರ ಅಪ್ಪ ಮಗಳ ಮುನಿಸು. ಇವರು ದೋಹಾದ ನಮ್ಮ ಸಂಘದ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವವರು. ನನ್ನ ಸೀರೆಯನ್ನು ನನಗಿಂತ ಚೆನ್ನಾಗಿ ಉಡುತ್ತಾರೆ, ಹೊಟ್ಟೆಕಿಚ್ಚಿದ್ದರೂ ಒಪ್ಪಲೇಬೇಕು. ಶಾಲೆಯ ಬಸ್ಸಿನಲ್ಲಿ ಯಾರೋ ಇವರ ವೇಷದ ಫೋಟೋ ನೋಡಿ ನಕ್ಕಿದ್ದರು. "ಅಪ್ಪ ಸಾರಿ ಹಾಕಿದ್ರೆ ನಾನು ಆಟ ನೋಡೋಕೆ ಬರೋದೇ ಇಲ್ಲ" ಎಂದು ಮಗಳು ಹಟ ಹಿಡಿದಿದ್ದಳು. "ಖಲಾಸ್, ಇನ್ನು ವೇಷ ಬೇಡ" ಎಂದು ಇವರೂ ತೀರ್ಮಾನಿಸಿಬಿಟ್ಟಿದ್ದರು. ಸಂಜೆ ಸಂಘಕ್ಕೆ ತಿಳಿಸುವುದಷ್ಟೇ ಬಾಕಿ. ಗೆಜ್ಜೆ ಕಟ್ಟದ ಇವರನ್ನು ನೆನೆದರೆ ನನಗೆ ಅಳುವೇ ಬರುತ್ತಿತ್ತು.

ದಾರಿಯಲ್ಲಿ ಲುಸೈಲ್ ನಗರದ ಕ್ರೇನುಗಳನ್ನು ದಾಟಿ, ಒಂದೊಂದು ರಿಯಾಲಿನ ಕರಕ್ ಚಹಾ ಕುಡಿದು ಹೋಟೆಲ್ ತಲುಪಿದೆವು. ಮರದ ಅಚ್ಚು ಕೆತ್ತಿ, ಬಣ್ಣ ಬಳಿದು, ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳು. ಒಬ್ಬ ವೀರ ಕೆಂಪು ಗೆರೆ ಬಳಿದ ಮುಖದಲ್ಲಿ ಕಣ್ಣು ಕೆಕ್ಕರಿಸಿ ನಿಂತಿದ್ದ. "ಎಂತ ಮಾರಾಯ್ರೆ, ನಮ್ಮ ಯಕ್ಷಗಾನದ ಬಣ್ಣದ ವೇಷವೇ!" ಎಂದೆ. ಇವರು ನಗಲಿಲ್ಲ.

ವಿವರ ಹೇಳುತ್ತಿದ್ದ ಜಪಾನಿ ಹೆಂಗಸು ಒಬ್ಬ ಚೆಲುವೆಯ ಚಿತ್ರ ತೋರಿಸಿದಳು. "ಇವರು ಗಂಡಸು. ಕಬುಕಿ ನಾಟಕದಲ್ಲಿ ಸ್ತ್ರೀಪಾತ್ರ ಗಂಡಸರದೇ. ಹಣೆಯ ಮೇಲಿನ ನೇರಳೆ ಬಟ್ಟೆ ನೋಡಿ, ಆಗಿನ ನಟರು ಮುಂದಲೆ ಬೋಳಿಸಲೇಬೇಕಿತ್ತು, ಅದನ್ನು ಮುಚ್ಚಲು ಈ ಬಟ್ಟೆ. ಜನ ಇವರ ಚಿತ್ರ ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು."

ಶ್ರಾವ್ಯ ನೇರಳೆ ಬಟ್ಟೆ ಹುಡುಕುತ್ತಾ ಗೋಡೆಯುದ್ದಕ್ಕೂ ಓಡಿದಳು. "ಅಮ್ಮಾ, ಇಲ್ಲಿ ಒಂದು ಅಪ್ಪ! ಇಲ್ಲಿ ಇನ್ನೊಂದು ಅಪ್ಪ!"

"ಅಪ್ಪ ಅಂದರೆ?" ಎಂದಳು ಆ ಹೆಂಗಸು.

ಮಗಳು ತಡವರಿಸಿದಳು. ಆಮೇಲೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ, "ನನ್ನ ಫಾದರ್. ಅವರೂ ಕ್ವೀನ್ ಮಾಡ್ತಾರೆ" ಎಂದಳು.

ಆಕೆ ಸೊಂಟ ಬಾಗಿಸಿ ಇವರಿಗೆ ವಂದಿಸಿ, ಸ್ವಲ್ಪ ತೋರಿಸುತ್ತೀರಾ ಎಂದು ಕೇಳಿದಳು. ಇವರು ಮಗಳ ಮುಖ ನೋಡಿದರು. ಅವಳು ಇವರ ಕೈಯಿಂದ ಕಾರಿನ ಕೀ ಕಸಿದುಕೊಂಡು, "ಯಲ್ಲಾ ಅಪ್ಪ, ಮಾಡು!" ಎಂದು ಅರಬ್ಬಿ ಬೆರೆಸಿ ಅವಸರಪಡಿಸಿದಳು. ಪ್ಯಾಂಟು ಶರಟಿನಲ್ಲೇ ಇವರು ಕತ್ತು ಕೊಂಕಿಸಿ, ಇಲ್ಲದ ಸೆರಗು ಹಿಡಿದು ನಾಲ್ಕು ಹೆಜ್ಜೆ ಹಾಕಿದರು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಮಗಳು ಪಕ್ಕದವರಿಗೆಲ್ಲ, ಸಾರಿ ಹಾಕಿದರೆ ಇನ್ನೂ ಚಂದ ಕಾಣ್ತಾರೆ ಎಂದು ಹೇಳುತ್ತಾ ತಿರುಗಿದಳು.

ವಾಪಸು ಬರುವಾಗ ಸಂಘದವರ ಫೋನ್ ಬಂತು. ಇವರು ಕಾರು ಓಡಿಸುತ್ತಿದ್ದರಿಂದ ಶ್ರಾವ್ಯಳೇ ಎತ್ತಿದಳು. "ಅಂಕಲ್, ಅಪ್ಪ ಬರ್ತಾರೆ. ಫಸ್ಟ್ ರೋದಲ್ಲಿ ನನಗೆ ಸೀಟ್ ಬೇಕು. ನಮ್ಮ ಬಸ್ಸಿನವರಿಗೂ."

ಕನ್ನಡಕಕ್ಕೆ ಧೂಳು ಕೂತಿದೆ ಎನ್ನುತ್ತಾ ಇವರು ಕಾರನ್ನು ಬದಿಗೆ ನಿಲ್ಲಿಸಿದರು.